ಸಿಕ್ಕ ಫೋನು ವಾಪಸ್ ಕೊಡಲು ಒಂದು ಬಾಗಿಲು ತೆರೆಯಿರಿ

ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ, ಕೇಂದ್ರ ದೂರಸಂಪರ್ಕ ಇಲಾಖೆಯ ಅಧಿಕಾರಿಗಳಿಗೆ, ಕೈಯಲ್ಲಿ ಫೋನ್ ಹಿಡಿದು ಓಡಾಡುವ ನಮ್ಮೆಲ್ಲರಿಗೆ,

ನಮಸ್ಕಾರ.

ನಾನು ಮಲೆನಾಡಿನ ಸೆರಗಿನ ಒಂದು ತಾಲ್ಲೂಕು ಊರಲ್ಲಿ, ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ ಪ್ರಿಂಟ್ ತೆಗೆದುಕೊಡುತ್ತೇನೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಕೊಡುತ್ತೇನೆ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಬಂದರೆ ರಾತ್ರಿ ಒಂಬತ್ತಾದರೂ ಅಂಗಡಿ ಮುಚ್ಚುವುದಿಲ್ಲ. ಇವುಗಳ ಜೊತೆ ವಾರಕ್ಕೆ ಎರಡು ಮೂರು ಸಲ ಇನ್ನೊಂದು ಅರ್ಜಿ ಬರುತ್ತದೆ. ಮೊಬೈಲ್ ಕಳೆದುಹೋಗಿದೆ ಅನ್ನುವ ಅರ್ಜಿ.

ಫೋನ್ ಕಳೆದುಕೊಂಡವರು ನನ್ನ ಕೌಂಟರ್ ಎದುರು ಬಂದು ನಿಲ್ಲುವ ರೀತಿ ನನಗೆ ಚೆನ್ನಾಗಿ ಗೊತ್ತು. ಕೈ ಪದೇ ಪದೇ ಜೇಬಿಗೆ ಹೋಗುತ್ತಿರುತ್ತದೆ. ಇಲ್ಲ ಅಂತ ಗೊತ್ತಿದ್ದರೂ ಹೋಗುತ್ತದೆ. "ಮನೆಯವರ ನಂಬರ್ ಹೇಳಿ" ಅಂದರೆ ಬಾಯಿಗೆ ಬರುವುದಿಲ್ಲ. ಗಂಡನ ನಂಬರ್ ಕೂಡ ಬರುವುದಿಲ್ಲ. ಎಲ್ಲಾ ಅದರೊಳಗೇ ಇತ್ತು, ಅಲ್ವಾ?

ಅವರಿಗೆ ನಾನು ಮಾಡಿಕೊಡುವ ಕೆಲಸ ಇಷ್ಟು. ಮೊದಲು, ಕಳೆದ ವಸ್ತುಗಳ ದೂರಿಗೆ ರಾಜ್ಯ ಪೊಲೀಸರು ಮಾಡಿರುವ ಆನ್‌ಲೈನ್ ವ್ಯವಸ್ಥೆ ಇ-ಲಾಸ್ಟ್‌ನಲ್ಲಿ ದೂರು. ಆ ಪ್ರತಿ ಬಂದ ಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಮಾಡುವ ಅರ್ಜಿ. ಅದಕ್ಕೆ ಐಎಂಇಐ ಬೇಕು. ಪ್ರತಿ ಫೋನಿಗೂ ಇರುವ 15 ಅಂಕಿಯ ಗುರುತು ಅದು. ಎರಡು ಸಿಮ್ ಹಾಕುವ ಫೋನಾದರೆ ಅಂಥವು ಎರಡಿರುತ್ತವೆ. ಫೋನ್ ತಂದ ಡಬ್ಬಿಯ ಮೇಲೆ ಇರುತ್ತದೆ, ಬಿಲ್ಲಿನಲ್ಲಿ ಇರುತ್ತದೆ. ಆದರೆ ಡಬ್ಬಿ ಯಾರು ಇಟ್ಟುಕೊಂಡಿರುತ್ತಾರೆ? ಹತ್ತು ಜನರಲ್ಲಿ ಇಬ್ಬರು ಇಟ್ಟುಕೊಂಡಿದ್ದರೆ ಹೆಚ್ಚು. ಅಂಗಡಿಗೆ ಯಾವುದಕ್ಕೇ ಬಂದರೂ ನಾನು ಈಗ ಎಲ್ಲರಿಗೂ ಹೇಳುತ್ತೇನೆ. *#06# ಒತ್ತಿ, ಬಂದ ನಂಬರನ್ನು ರೇಷನ್ ಕಾರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ ಅಂತ.

ಈ ವ್ಯವಸ್ಥೆಯನ್ನು ನಾನು ದೂರುತ್ತಿಲ್ಲ. ಸಿಇಐಆರ್ 2019ರಲ್ಲಿ ಮುಂಬೈ, ದೆಹಲಿ ಕಡೆ ಪ್ರಯೋಗಕ್ಕೆ ಶುರುವಾಗಿ 2023ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ಬಂತು. ಬ್ಲಾಕ್ ಆದ ಫೋನಿಗೆ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಬರುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ನನ್ನ ಅಂಗಡಿಯಲ್ಲಿ ಅರ್ಜಿ ಹಾಕಿದವರಲ್ಲೇ ಆರೇಳು ಜನಕ್ಕೆ ಫೋನ್ ವಾಪಸ್ ಸಿಕ್ಕಿದೆ. ಒಬ್ಬ ಅಜ್ಜ ಸಂತೆಯಿಂದ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟು ಹೋದರು. ಹಾಗಾಗಿ ಇದನ್ನು ಮಾಡಿದವರ ಬಗ್ಗೆ ನನಗೆ ಗೌರವ ಇದೆ.

ನಾನು ಹೇಳಬೇಕಾಗಿರುವುದು ಈ ಕಥೆಯ ಇನ್ನೊಂದು ಕಡೆ ನಿಂತವರ ಬಗ್ಗೆ. ಫೋನ್ ಯಾರಿಗೆ ಸಿಕ್ಕಿತೋ ಅವರ ಬಗ್ಗೆ.

ಕಳೆದ ಅಡಿಕೆ ಕೊಯ್ಲು ಶುರುವಾದ ದಿನಗಳು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಸಂಜೆ ಹಳ್ಳಿಗಳ ಕಡೆಯ ಕೊನೆ ಬಸ್ ಹೋದ ಮೇಲೆ ನಾನು ಅಂಗಡಿ ಮುಂದಿನ ಕಲ್ಲುಬೆಂಚು ಒರೆಸಲು ಹೋದೆ. ಬೆಂಚಿನ ಕೆಳಗೆ, ನೀರು ನಿಂತ ಜಾಗದಲ್ಲಿ ಒಂದು ಫೋನ್ ಮಕಾಡೆ ಬಿದ್ದಿತ್ತು. ಸ್ವಿಚ್ ಆಫ್ ಆಗಿತ್ತು. ಒಂದು ಮೂಲೆ ಒಡೆದಿತ್ತು. ಹಿಂದಿನ ಕವರ್ ಪಾರದರ್ಶಕ. ಅದರೊಳಗೆ ನಾಲ್ಕು ಮಡಿಕೆ ಮಾಡಿದ ಇಪ್ಪತ್ತರ ನೋಟು ಮತ್ತು ಕುಂಕುಮದ ಸಣ್ಣ ಪೊಟ್ಟಣ. ನೀರು ಒಳಗೆ ಹೋಗಿ ಕುಂಕುಮ ಕರಗಿ ನೋಟಿನ ಅಂಚು ಕೆಂಪಾಗಿತ್ತು.

ನೆಂದ ಫೋನ್ ಆನ್ ಮಾಡಬಾರದು ಅಂತ ಪಕ್ಕದ ಮೊಬೈಲ್ ರಿಪೇರಿ ಹುಡುಗ ಹೇಳಿದ. ಒರೆಸಿ, ರಾತ್ರಿಯೆಲ್ಲ ಫ್ಯಾನ್ ಕೆಳಗೆ ಇಟ್ಟೆ. ಮಾರನೇ ದಿನ ಮಧ್ಯಾಹ್ನ ಚಾರ್ಜಿಗೆ ಹಾಕಿದಾಗ ಆನ್ ಆಯಿತು. ಯಾರಾದರೂ ಫೋನ್ ಮಾಡುತ್ತಾರೆ, ಎತ್ತಿ ಹೇಳಿದರೆ ಆಯಿತು ಅಂದುಕೊಂಡು ಪಕ್ಕದಲ್ಲೇ ಇಟ್ಟುಕೊಂಡು ಕೂತೆ. ಸಂಜೆವರೆಗೆ ಒಂದು ಕರೆಯೂ ಇಲ್ಲ. ಮೇಲಿನ ಮೂಲೆಯಲ್ಲಿ ನೆಟ್‌ವರ್ಕ್ ಕಡ್ಡಿಗಳೇ ಇರಲಿಲ್ಲ.

ಆಗ ಹೊಳೆಯಿತು. ಫೋನಿನವರು ಬೆಳಿಗ್ಗೆಯೇ ಸಿಮ್ ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಂಡಿದ್ದಾರೆ. ಅವರು ಮಾಡಿದ್ದು ಸರಿಯೇ. ದುಡ್ಡಿನ ಆಪ್ ಇರುವ ಫೋನ್ ಕಳೆದರೆ ಮೊದಲು ಸಿಮ್ ನಿಲ್ಲಿಸಿ ಅಂತ ನಾನೇ ಎಲ್ಲರಿಗೂ ಹೇಳುತ್ತೇನೆ. ಆದರೆ ಹೊಸ ಸಿಮ್‌ಗೆ ಜೀವ ಬಂದ ಗಳಿಗೆಗೆ ಹಳೆಯದು ಸಾಯುತ್ತದೆ. ನನ್ನ ಕೈಯಲ್ಲಿದ್ದ ಫೋನಿಗೂ ಅದರ ಯಜಮಾನರಿಗೂ ಇದ್ದ ಒಂದೇ ಒಂದು ದಾರ ಅಲ್ಲಿಗೆ ಕಡಿಯಿತು. ಮುಂದೆ ಐಎಂಇಐ ಕೂಡ ಬ್ಲಾಕ್ ಆದರೆ ಆ ಫೋನಿಗೆ ಬೇರೆ ಯಾವ ಸಿಮ್ ಹಾಕಿದರೂ ಪ್ರಯೋಜನ ಇಲ್ಲ. ಕಳ್ಳನನ್ನು ತಡೆಯಲು ಹಾಕಿದ ಎರಡು ಬೀಗ. ವಾಪಸ್ ಕೊಡಬೇಕು ಅಂತ ಕಾಯುತ್ತಾ ಕೂತವರನ್ನೂ ಅವೇ ಹೊರಗೆ ನಿಲ್ಲಿಸುತ್ತವೆ.

ನನಗೆ ಸ್ವಲ್ಪ ಈ ಕೆಲಸ ಗೊತ್ತಿದ್ದರಿಂದ ಇನ್ನೂ ಒಂದು ಹೆಜ್ಜೆ ಹೋದೆ. ಕೆಲವು ಫೋನುಗಳಲ್ಲಿ ಲಾಕ್ ಇದ್ದರೂ ಎಮರ್ಜೆನ್ಸಿ ಕಾಲ್ ಪರದೆಯಲ್ಲಿ *#06# ಒತ್ತಿದರೆ ಐಎಂಇಐ ತೋರಿಸುತ್ತದೆ. ಇದರಲ್ಲಿ ತೋರಿಸಿತು. ಹಾಳೆಯಲ್ಲಿ ಬರೆದುಕೊಂಡೆ. ಆಮೇಲೆ ಪೋರ್ಟಲ್ ತೆರೆದೆ. ಕಳೆದುಹೋದ ಫೋನ್ ಬ್ಲಾಕ್ ಮಾಡಿ ಅನ್ನುವ ಬಟನ್ ಇದೆ. ಸಿಕ್ಕ ಫೋನ್ ಅನ್‌ಬ್ಲಾಕ್ ಮಾಡಿ ಅನ್ನುವುದೂ ಇದೆ. ಅದು ತನ್ನ ಫೋನ್ ತನಗೇ ವಾಪಸ್ ಸಿಕ್ಕಿದ ಯಜಮಾನರಿಗೆ. "ಬೇರೆಯವರ ಫೋನ್ ನನಗೆ ಸಿಕ್ಕಿದೆ, ಇದರ ನಂಬರ್ ಇದು, ನಾನು ಇಂಥಲ್ಲಿದ್ದೇನೆ" ಅಂತ ಬರೆಯಲು ಒಂದು ಜಾಗ ಹುಡುಕಿದೆ. ನನಗೆ ಎಲ್ಲೂ ಕಾಣಲಿಲ್ಲ. 15 ಅಂಕಿಯೂ ಕೈಯಲ್ಲಿತ್ತು. ಅವರು ಎಲ್ಲೋ ಕೂತು ಅದೇ 15 ಅಂಕಿಯನ್ನು ಹುಡುಕುತ್ತಿದ್ದಿರಬಹುದು. ಎರಡೂ ಸೇರುವ ಜಾಗ ಮಾತ್ರ ಇರಲಿಲ್ಲ.

ಸರಿ, ಠಾಣೆಗೆ ಹೋದೆ. ಯಾವ ಠಾಣೆ ಅಂತ ಬರೆಯುವುದಿಲ್ಲ. ಅಲ್ಲಿದ್ದವರು ಕೆಟ್ಟವರೂ ಅಲ್ಲ. ಮರುದಿನದ ಬಂದೋಬಸ್ತಿನ ಗಡಿಬಿಡಿಯಲ್ಲಿದ್ದರು. ಮೇಜಿನ ಹಿಂದಿದ್ದವರು ಫೋನ್ ತಿರುಗಿಸಿ ನೋಡಿ ಕೇಳಿದರು. "ಎಲ್ಲಿ ಸಿಕ್ತು? ನಿನ್ನೆ ಸಿಕ್ಕಿದ್ದು ಇವತ್ತು ಯಾಕೆ ತಂದ್ರಿ? ಇಷ್ಟು ಹೊತ್ತು ಯಾರ ಹತ್ರ ಇತ್ತು?" ನಾನು ಮಳೆ, ಫ್ಯಾನ್, ಚಾರ್ಜ್ ಎಲ್ಲಾ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನಗೇ ಸುಳ್ಳು ಹೇಳುವವರ ದನಿಯ ಹಾಗೆ ಕೇಳಿಸಿತು. ಏನೂ ತಪ್ಪು ಮಾಡದೆ ಅಂಗೈ ಬೆವರಿತು.

"ಆಯ್ತು, ಇಟ್ಟು ಹೋಗಿಯಮ್ಮ" ಅಂದರು.

"ಸಾರ್, ಕೊಟ್ಟಿದ್ದಕ್ಕೆ ಏನಾದ್ರೂ ಬರೆದುಕೊಡ್ತೀರಾ?"

"ಇದಕ್ಕೆಲ್ಲ ಎಲ್ಲಿಂದ ಬರೆದುಕೊಡೋದು?"

ನಾನು ಕೊಡಲಿಲ್ಲ. ವಾಪಸ್ ತಂದೆ. ಇದನ್ನು ಒಪ್ಪಿಕೊಳ್ಳಬೇಕು. ನಾಳೆ ಆ ಫೋನ್ ಯಾವುದೋ ಡ್ರಾಯರಿನಿಂದ ಕಾಣೆಯಾದರೆ, ಅದು ಕೊನೆಗೆ ಯಾರ ಕೈಯಲ್ಲಿತ್ತು ಅಂದರೆ ನನ್ನ ಮುಖ ಬರುತ್ತದೆ. ನಾನು ಕೊಟ್ಟೆ ಅನ್ನುವುದಕ್ಕೆ ನನ್ನ ಬಾಯಿ ಬಿಟ್ಟರೆ ಸಾಕ್ಷಿ ಇಲ್ಲ. ದಿನವಿಡೀ ಬೇರೆಯವರಿಗೆ ರಸೀದಿ, ಸ್ವೀಕೃತಿ, ನಕಲು ಪ್ರತಿ ತೆಗೆದುಕೊಡುವವಳು ನಾನು. ಕಾಗದ ಇಲ್ಲದ ಮಾತು ಏನಾಗುತ್ತದೆ ಅಂತ ನೋಡಿದ್ದೇನೆ.

ಆ ಫೋನ್ ಕೊನೆಗೆ ಮನೆ ಸೇರಿದ್ದು ಒಂದು ಗೋಡೆಯಿಂದ. ಲಾಕ್ ಪರದೆಯ ಮೇಲೆ ಒಬ್ಬ ಹುಡುಗನ ಫೋಟೋ ಇತ್ತು. ಕೈಯಲ್ಲಿ ಕಾಗದದ ಬಾವುಟ, ಯೂನಿಫಾರ್ಮು, ಆಗಸ್ಟ್ 15ರದ್ದೇ ಇರಬೇಕು. ಅವನ ಹಿಂದೆ ಶಾಲೆಯ ಗೋಡೆ. ಗೋಡೆಗೆ ರೈಲು ಬೋಗಿಯ ಹಾಗೆ ಬಣ್ಣ ಬಳಿದು ಕಿಟಕಿ ಬಿಡಿಸಿದ್ದರು. ಮೇಲೆ ಶಾಲೆಯ ಹೆಸರು. ಹುಡುಗನ ತಲೆ ಅಡ್ಡ ಬಂದು "ಕೊಪ್ಪ" ಅನ್ನುವ ಕೊನೆಯ ಎರಡು ಅಕ್ಷರ ಮಾತ್ರ ಕಾಣುತ್ತಿತ್ತು. ನಮ್ಮ ಕಡೆ ಕೊಪ್ಪ ಅಂತ ಮುಗಿಯುವ ಹಳ್ಳಿಗಳಿಗೆ ಲೆಕ್ಕ ಇಲ್ಲ. ಆ ಪರದೆಯ ಫೋಟೋ ನನ್ನ ಫೋನಿನಲ್ಲಿ ತೆಗೆದುಕೊಂಡು, ಪ್ರಿಂಟಿಗೆ ಬಂದ ಶಿಕ್ಷಕರಿಗೆಲ್ಲ ತೋರಿಸಿದೆ. ನಾಲ್ಕನೇ ದಿನ, ಸುತ್ತಲಿನ ಒಂದಷ್ಟು ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಒಬ್ಬರು ಸಿಆರ್‌ಪಿ ಮೇಷ್ಟ್ರು ನೋಡಿದ ಕೂಡಲೇ ಹೇಳಿದರು. "ಈ ರೈಲು ನಮ್ಮ ಕ್ಲಸ್ಟರಿಂದು. ಇದನ್ನ ಬಿಡಿಸಿದ ಮೇಷ್ಟ್ರು ನನಗೆ ಗೊತ್ತು." ಆದರೆ ಆಗ ದಸರಾ ರಜೆ. ಶಾಲೆ ತೆರೆಯುವವರೆಗೆ ಕಾಯಬೇಕಾಯಿತು.

ಫೋನ್ ಸಿಕ್ಕ ಒಂಬತ್ತನೇ ದಿನ ಆ ಹುಡುಗನ ತಾಯಿ ಬಂದಳು. ಅಡಿಕೆ ಸುಲಿಯುವ ಕೆಲಸ ಮಾಡುವವಳು. ಬೆರಳ ತುದಿಗಳು ಅಡಿಕೆ ಚೊಗರಿಗೆ ಕಪ್ಪಾಗಿದ್ದವು. ನಿಮ್ಮದೇ ಅನ್ನುವುದಕ್ಕೆ ಏನು ಗುರುತು ಅಂತ ಕೇಳಿದೆ. "ಕವರ್ ಒಳಗೆ ಇಪ್ಪತ್ತು ರೂಪಾಯಿ, ಕುಂಕುಮ ಇತ್ತಕ್ಕ" ಅಂದಳು. ಕೈಗೆ ಕೊಟ್ಟೆ. ಲಾಕ್ ತೆಗೆದಳು. ಮಗನ ಫೋಟೋ ನೋಡುತ್ತಾಳೆ ಅಂದುಕೊಂಡಿದ್ದೆ. ಅವಳು ನೇರವಾಗಿ ಗ್ಯಾಲರಿಗೆ ಹೋಗಿ ಬೇರೇನೋ ಹುಡುಕಿದಳು. ಸಂಘದ ಪುಸ್ತಕದ ಫೋಟೋಗಳು. ಹದಿನಾಲ್ಕು ಹೆಂಗಸರು ಕಟ್ಟಿದ ವಾರದ ಕಂತಿನ ಲೆಕ್ಕ. ಪುಸ್ತಕ ಬೇರೊಬ್ಬರ ಮನೆಯಲ್ಲಿ ಮಳೆಗೆ ನೆಂದು ಹೋಗಿತ್ತಂತೆ. ಉಳಿದಿದ್ದು ಈ ಫೋಟೋ ಮಾತ್ರ. ಒಂಬತ್ತು ದಿನದಿಂದ ಆ ಹದಿನಾಲ್ಕು ಜನರ ಎದುರು ಅವಳು ತಲೆ ತಗ್ಗಿಸಿಕೊಂಡು ಓಡಾಡಿದ್ದಳು.

"ಅದೆ ಅಕ್ಕ, ಎಲ್ಲಾ ಅದೆ" ಅಂದು ಬೆಂಚಿನ ಮೇಲೆ ಕೂತುಬಿಟ್ಟಳು.

ಠಾಣೆಯಲ್ಲಿ ದೂರು ಕೊಟ್ಟಿರಲಿಲ್ಲವಾ ಅಂತ ಕೇಳಿದೆ. ಡಬ್ಬಿ ಇರಲಿಲ್ಲ, ಐಎಂಇಐ ಗೊತ್ತಿರಲಿಲ್ಲ. ಯಾರೋ ಅರ್ಜಿ ಹಾಕಿಕೊಡಲು ಕೂತಾಗ ಹೊಸ ಸಿಮ್‌ಗೆ ಓಟಿಪಿ ಬರಲಿಲ್ಲವಂತೆ. ಸಿಮ್ ಬದಲಾಯಿಸಿದ ಮೇಲೆ ಮೊದಲ 24 ಗಂಟೆ ಎಸ್‌ಎಂಎಸ್ ನಡೆಯುವುದಿಲ್ಲ. ಮೋಸ ತಡೆಯಲು ಮಾಡಿದ ನಿಯಮ ಅದು. ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವಳು ಇನ್ನೊಂದು ದಿನ ಬಿಡಲಾಗದೆ ಸುಮ್ಮನಾಗಿದ್ದಳು.

ಈಗ ನನ್ನ ಕೋರಿಕೆಗೆ ಬರುತ್ತೇನೆ.

ಕಳೆದುಕೊಂಡವರಿಗೆ ಇರುವಂಥದ್ದೇ ಒಂದು ಬಾಗಿಲು ಸಿಕ್ಕವರಿಗೂ ಬೇಕು. ಸಿಇಐಆರ್‌ನಲ್ಲಾಗಲಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆಪ್‌ನಲ್ಲಾಗಲಿ, ಇ-ಲಾಸ್ಟ್‌ನಲ್ಲಾಗಲಿ "ಫೋನ್ ಸಿಕ್ಕಿದೆ" ಅನ್ನುವ ಒಂದು ಪುಟ ಸೇರಿಸಿ. ಐಎಂಇಐ ಹಾಕಿದರೆ ಸಾಕು. ಆ ನಂಬರಿಗೆ ದೂರು ಇದ್ದರೆ ಯಜಮಾನರಿಗೆ ಒಂದು ಎಸ್‌ಎಂಎಸ್ ಹೋಗಲಿ, ನಿಮ್ಮ ಫೋನ್ ಇಂಥ ಠಾಣೆಯ ವ್ಯಾಪ್ತಿಯಲ್ಲಿ ಸಿಕ್ಕಿದೆ ಅಂತ. ಸಿಕ್ಕವರಿಗೆ ಯಜಮಾನರ ಹೆಸರು, ನಂಬರ್ ಏನೂ ಕಾಣಬೇಕಿಲ್ಲ. ದೂರು ಇನ್ನೂ ಬಂದಿಲ್ಲ ಅಂದರೆ ಆ ನಂಬರ್ ಅಲ್ಲೇ ಕಾಯುತ್ತಿರಲಿ. ಐಎಂಇಐ ಹೊರಗೆ ತೋರಿಸದ ಫೋನನ್ನು ಠಾಣೆಗೆ ಕೊಟ್ಟರೆ, ಅದನ್ನು ಓದಿ ಏರಿಸುವ ಕೆಲಸ ಅಲ್ಲಿನವರದ್ದಾಗಲಿ. ರೈಲಿನಲ್ಲಿ ಇಂಥದ್ದು ಈಗಾಗಲೇ ನಡೆಯುತ್ತಿದೆ. ರೈಲ್ವೆ ರಕ್ಷಣಾ ದಳದವರು "ಆಪರೇಷನ್ ಅಮಾನತ್" ಅಂತ ಹೆಸರಿಟ್ಟು, ಬೋಗಿಯಲ್ಲಿ ಬಿಟ್ಟುಹೋದ ಸಾಮಾನಿನ ಫೋಟೋ, ವಿವರ ಹಾಕಿ ಜನರಿಗೆ ವಾಪಸ್ ಕೊಡುತ್ತಾರೆ. ಪ್ಲಾಟ್‌ಫಾರ್ಮಿನ ಒಳಗೆ ಆಗುವುದು ಬಸ್ ಸ್ಟ್ಯಾಂಡಿನಲ್ಲಿ ಯಾಕೆ ಆಗಬಾರದು?

ಎರಡನೇ ಮಾತು ರಸೀದಿಯದ್ದು. ಇದು ನನಗೆ ಮೊದಲಿನದಕ್ಕಿಂತ ಮುಖ್ಯ. ಸಿಕ್ಕ ಫೋನ್ ತಂದುಕೊಟ್ಟವರಿಗೆ ಐಎಂಇಐ, ದಿನ, ಗಂಟೆ, ತೆಗೆದುಕೊಂಡವರ ಸಹಿ, ಠಾಣೆಯ ಸೀಲು ಇರುವ ಒಂದು ಚೀಟಿ ಕೊಡಿ. ಅವರನ್ನು ಮತ್ತೆ ಮತ್ತೆ ಕರೆಸುವುದಿಲ್ಲ ಅಂತ ಅದರ ಮೇಲೇ ಅಚ್ಚು ಹಾಕಿಸಿ.

ಇದು ನಮ್ಮ ರಾಜ್ಯಕ್ಕೆ ಹೊಸ ವಿಚಾರ ಏನಲ್ಲ. ರಸ್ತೆಯಲ್ಲಿ ಅಪಘಾತವಾದರೆ ಗಾಯಗೊಂಡವರನ್ನು ಮುಟ್ಟಲು ಜನ ಹೆದರುತ್ತಿದ್ದರು. ಆಸ್ಪತ್ರೆಗೆ ಸೇರಿಸಿದವರೇ ಠಾಣೆ, ಕೋರ್ಟು ಅಂತ ಅಲೆಯಬೇಕಿತ್ತು. ಸುಪ್ರೀಂ ಕೋರ್ಟ್ 2016ರಲ್ಲಿ ನೆರವಾದವರ ರಕ್ಷಣೆಗೆ ನಿಂತಿತು. ಅದೇ ವರ್ಷ ಕರ್ನಾಟಕ ವಿಧಾನಮಂಡಲ ಗುಡ್ ಸಮಾರಿಟನ್ ಮಸೂದೆ ಒಪ್ಪಿತು, ದೇಶದಲ್ಲೇ ಮೊದಲು. ಸಹಾಯ ಮಾಡಿದವರನ್ನು ಅನುಮಾನದಿಂದ ನೋಡಬಾರದು ಅನ್ನುವುದನ್ನು ನಾವು ಒಂದು ಸಲ ಒಪ್ಪಿಕೊಂಡಿದ್ದೇವೆ. ಜೀವ ಉಳಿಸುವುದರ ಮುಂದೆ ಫೋನ್ ಸಣ್ಣದೇ. ಹಿಂದೆ ಸರಿಯುವಂತೆ ಮಾಡುವ ಭಯ ಮಾತ್ರ ಅದೇ ಜಾತಿಯದ್ದು.

ಕಾನೂನು ಕೂಡ ಸಿಕ್ಕವರ ವಿರುದ್ಧ ಇಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮನ್ನು ನಾನು ಪ್ರಿಂಟ್ ತೆಗೆದು ಓದಿದೆ. ಬಿದ್ದ ವಸ್ತುವನ್ನು ಕಾಪಾಡಲು ಅಥವಾ ವಾಪಸ್ ಕೊಡಲು ಎತ್ತಿಕೊಂಡರೆ ಅಪರಾಧ ಅಲ್ಲ. ಯಜಮಾನರು ಯಾರು ಅಂತ ಗೊತ್ತಿದ್ದೂ, ಅಥವಾ ಹುಡುಕುವ ಪ್ರಯತ್ನವನ್ನೇ ಮಾಡದೆ ತನ್ನದು ಮಾಡಿಕೊಂಡರೆ ಅಪರಾಧ. ಆಗ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಎರಡು ವರ್ಷ ಜೈಲು, ಜೊತೆಗೆ ದಂಡ. 1872ರ ಕರಾರು ಕಾಯ್ದೆಯಲ್ಲೂ, ಸಿಕ್ಕ ವಸ್ತು ಕೈಗೆತ್ತಿಕೊಂಡವರು ಅದನ್ನು ಜೋಪಾನ ಮಾಡಬೇಕು ಅಂತ ಇದೆ. ಅಂದರೆ ನೂರೈವತ್ತು ವರ್ಷದಿಂದ ಕಾನೂನು ನಮಗೆ ಒಂದು ಹೊಣೆ ಹೊರಿಸಿದೆ. ಯಜಮಾನರನ್ನು ಹುಡುಕಲು ಪ್ರಯತ್ನಪಡು ಅನ್ನುತ್ತದೆ. ಪ್ರಯತ್ನಪಟ್ಟೆ ಅಂತ ತೋರಿಸಲು ಒಂದು ಚೀಟಿ ಕೇಳಿದರೆ ಎಲ್ಲಿಂದ ಕೊಡೋದು ಅನ್ನುವ ಉತ್ತರ ಬರಬಾರದು.

ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಒಬ್ಬ ಗಾರೆ ಕೆಲಸದವನು ಸಂತೆಯಲ್ಲಿ ಮೂರು ಸಾವಿರಕ್ಕೆ ಹಳೇ ಫೋನ್ ತಗೊಂಡಿದ್ದ. ಸಿಮ್ ಹಾಕಿದ ಎರಡನೇ ವಾರ ಬೇರೆ ಜಿಲ್ಲೆಯ ಪೊಲೀಸರಿಂದ ಕರೆ ಬಂತು. ಅವನ ಮುಖ ಬಿಳುಚಿಕೊಂಡಿತ್ತು. ಅವರು ಹೇಳಿದ ವಿಳಾಸಕ್ಕೆ ಕೊರಿಯರ್ ಮಾಡಲು ನಾನೇ ಡಬ್ಬಿ ಕಟ್ಟಿಕೊಟ್ಟೆ. ಮೂರು ಸಾವಿರ ಹೋಯಿತು. ಅವನಿಗೆ ಮಾರಿದವನಿಗೆ ಅದು ರಸ್ತೆಯಲ್ಲಿ ಸಿಕ್ಕಿತ್ತಂತೆ. ಯಾರಿಗೆ ಕೊಡಬೇಕು ಗೊತ್ತಾಗದೆ ಎರಡು ತಿಂಗಳು ಮನೆಯಲ್ಲಿಟ್ಟು, ಆಮೇಲೆ ಮಾರಿದ್ದ. ಮಾರಿದ್ದು ತಪ್ಪು. ಆದರೆ ಆ ಎರಡು ತಿಂಗಳಲ್ಲಿ ಒಂದು ದಿನವಾದರೂ ಅವನ ಮನಸ್ಸು ಒಳ್ಳೆಯ ಕಡೆಗೇ ಇತ್ತು ಅಂತ ನಾನು ನಂಬುತ್ತೇನೆ. (ಹಳೇ ಫೋನ್ ಕೊಳ್ಳುವವರು ದಯವಿಟ್ಟು ಮೊದಲು ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲಾಕ್ ಆಗಿರುವ ಫೋನ್ ಆದರೆ ತಿಳಿಯುತ್ತದೆ.)

ಇನ್ನು ನಮ್ಮ ಜನರಿಗೆ ಎರಡು ಮಾತು. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್ ಅನ್ನುವ ಕಡೆ ಒಂದು ಸಾಲು ಬರೆಯಲು ಜಾಗ ಇರುತ್ತದೆ. "ಸಿಕ್ಕಿದರೆ ಈ ನಂಬರಿಗೆ ಫೋನ್ ಮಾಡಿ" ಅಂತ ಬರೆದು ಮನೆಯ ಇನ್ನೊಬ್ಬರ ನಂಬರ್ ಹಾಕಿ. ಕಳೆದ ಮೇಲೆ ಬೇರೆ ಫೋನಿನಿಂದ ಹುಡುಕಿ ಸಂದೇಶ ಕಳಿಸುವ ಸೌಲಭ್ಯ ಇದೆ, ನಿಜ. ಆದರೆ ಸಿಮ್ ನಿಂತ ಮೇಲೆ, ವೈಫೈ ಸಿಗದಿದ್ದರೆ, ಫೋನಿಗೆ ಇಂಟರ್ನೆಟ್ ಇರುವುದಿಲ್ಲ, ಸಂದೇಶ ತಲುಪುವುದಿಲ್ಲ. ಮೊದಲೇ ಬರೆದಿಟ್ಟ ಸಾಲಿಗೆ ಇಂಟರ್ನೆಟ್ ಬೇಡ. ನಾನು ಈಗ ಅಂಗಡಿಗೆ ಬಂದ ವಯಸ್ಸಾದವರಿಗೆ ಇದನ್ನು ಸುಮ್ನೆ, ದುಡ್ಡು ತಗೊಳ್ಳದೆ ಮಾಡಿಕೊಡುತ್ತಿದ್ದೇನೆ. ಎರಡು ನಿಮಿಷದ ಕೆಲಸ.

ಸಿಕ್ಕವರು ಫೋನ್ ಆಫ್ ಮಾಡಬೇಡಿ, ಸಿಮ್ ತೆಗೆಯಬೇಡಿ, ಚಾರ್ಜಿಗೆ ಹಾಕಿ ಹತ್ತಿರ ಇಟ್ಟುಕೊಳ್ಳಿ. ಕರೆ ಬಂದರೆ ಲಾಕ್ ಇದ್ದರೂ ಎತ್ತಬಹುದು. ವಾಟ್ಸಾಪ್ ಗ್ರೂಪಿಗೆ ಹಾಕುವುದಾದರೆ ಫೋನಿನ ಎಲ್ಲಾ ಗುರುತು ಹಾಕಬೇಡಿ, ಕವರಿನೊಳಗಿನದ್ದು ನಿಮಗಷ್ಟೇ ಗೊತ್ತಿರಲಿ. ಲಾಕ್ ತೆಗೆದು ತೋರಿಸಿದವರ ಕೈಗೆ ಕೊಡಿ.

ಈ ಪತ್ರ ಬರೆಯುವ ಹೊತ್ತಿಗೆ ನನ್ನ ಡ್ರಾಯರಿನಲ್ಲಿ ಇನ್ನೊಂದು ಫೋನಿದೆ. ಶುಕ್ರವಾರ ಬೆಳಿಗ್ಗೆ ಅದೇ ಬೆಂಚಿನ ಹತ್ತಿರ ಒಬ್ಬ ಕಾಲೇಜು ಹುಡುಗನಿಗೆ ಸಿಕ್ಕಿತು. "ಅಕ್ಕ, ಠಾಣೆಗೆ ಹೋಗೋಕೆ ಭಯ, ನೀವೇ ಇಟ್ಕೊಳ್ಳಿ" ಅಂತ ಕೊಟ್ಟು ಬಸ್ ಹತ್ತಿದ. ಸಿಮ್ ನಿಂತಿದೆ. ಈ ಸಲ ಪರದೆಯ ಮೇಲೆ ಮಗು ಇಲ್ಲ, ಶಾಲೆಯ ಗೋಡೆ ಇಲ್ಲ. ಒಂದು ಗಣಪತಿ ಫೋಟೋ ಅಷ್ಟೇ. ನಾಳೆ ಅದನ್ನು ಠಾಣೆಗೆ ತೆಗೆದುಕೊಂಡು ಹೋಗುತ್ತೇನೆ. ಐಎಂಇಐ, ಸಿಕ್ಕ ಜಾಗ, ದಿನ, ಗಂಟೆ ಎಲ್ಲಾ ಒಂದು ಹಾಳೆಯಲ್ಲಿ ಟೈಪ್ ಮಾಡಿ ಎರಡು ಪ್ರತಿ ತೆಗೆದಿಟ್ಟಿದ್ದೇನೆ. ಒಂದು ಠಾಣೆಗೆ, ಒಂದು ನನಗೆ. ಸೀಲು ಹಾಕಲು ಕೆಳಗೆ ಎಡಗಡೆ ಜಾಗ ಬಿಟ್ಟಿದ್ದೇನೆ.

ಇಂತಿ,
ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವಳು